ಬೇಗ ಮುಗಿಸಿದ ಮಗು ಏನು ಮಾಡಬೇಕು?

ಬೇಸಿಗೆ ರಜೆ ಕಳೆದು ಕರ್ನಾಟಕದ ಸರ್ಕಾರಿ ಶಾಲೆಗಳು ಮತ್ತೆ ತೆರೆದಾಗ ಹೊಸ ಪಾಠಕ್ಕೆ ಕೈ ಹಾಕುವ ಮೊದಲು ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯ ಕಲಿಕೆಯಲ್ಲಿ ಯಾರಿಗೆ ಏನು ಉಳಿದಿದೆ, ಏನು ಜಾರಿಹೋಗಿದೆ ಎಂದು ತಿಳಿಯಲು ಮೊದಲು ನೈದಾನಿಕ ಪರೀಕ್ಷೆ. ಆಮೇಲೆ ಕೆಲವು ದಿನಗಳ ಪರಿಹಾರ ಬೋಧನೆ, ಕೊನೆಯಲ್ಲಿ ಸಾಫಲ್ಯ ಪರೀಕ್ಷೆ. ಎಡವಿದ ಮಕ್ಕಳು ಯಾರು, ಎಲ್ಲಿ ಎಡವಿದರು ಎಂಬುದು ದಾಖಲೆಗೆ ಸೇರುತ್ತದೆ. ಒಳ್ಳೆಯ ಕ್ರಮ. ಆದರೆ ಅದೇ ನೈದಾನಿಕ ಪರೀಕ್ಷೆಯಲ್ಲಿ ಮೊದಲ ದಿನವೇ ಎಲ್ಲ ಪ್ರಶ್ನೆಗೂ ಸರಿಯುತ್ತರ ಬರೆದ ಮಗುವೊಂದು ಇರುತ್ತದೆ. ಮುಂದಿನ ದಿನಗಳಲ್ಲಿ ಆ ಮಗು ಏನು ಮಾಡಬೇಕು ಎಂಬ ಪ್ರಶ್ನೆಗೆ ದಾಖಲೆಯಲ್ಲಿ ಅಂಕಣವಿಲ್ಲ.

ಸಾಮಾನ್ಯವಾಗಿ ಏನಾಗುತ್ತದೆ ಎಂಬುದು ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ಹತ್ತು ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿದವಳಿಗೆ ಅಂಥದ್ದೇ ಇನ್ನೂ ಹತ್ತು ಲೆಕ್ಕ ಸಿಗುತ್ತವೆ. ಇಲ್ಲವೇ ಅವಳು ಮಾನಿಟರ್ ಆಗುತ್ತಾಳೆ: ಬೋರ್ಡು ಒರೆಸುವುದು, ಗಲಾಟೆ ಮಾಡಿದವರ ಹೆಸರು ಬರೆಯುವುದು, ಹಿಂದುಳಿದವರ ಪಕ್ಕದಲ್ಲಿ ಕೂತು ಹೇಳಿಕೊಡುವುದು. ಇವುಗಳಲ್ಲಿ ಯಾವುದೂ ಕೆಟ್ಟ ಕೆಲಸವಲ್ಲ. ಆದರೆ ಯಾವುದರಲ್ಲೂ ಅವಳು ಹೊಸದೊಂದನ್ನು ಕಲಿಯುತ್ತಿಲ್ಲ.

ಇದು ಕರ್ನಾಟಕಕ್ಕೆ ಸೀಮಿತವಾದ ಕೊರತೆಯಲ್ಲ. 1993ರಲ್ಲಿ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ದೇಶದ ಬೇರೆ ಬೇರೆ ಕಡೆಯ 46 ತರಗತಿಗಳಲ್ಲಿ ಕೂತು, ಪ್ರತಿಭಾವಂತರೆಂದು ಶಾಲೆಯೇ ಗುರುತಿಸಿದ್ದ ಮಕ್ಕಳ ದಿನ ಹೇಗೆ ಕಳೆಯುತ್ತದೆಂದು ಗಮನಿಸಿದರು. ಶೇ 84ರಷ್ಟು ಬೋಧನಾ ಚಟುವಟಿಕೆಗಳಲ್ಲಿ ಆ ಮಕ್ಕಳಿಗಾಗಿ ಯಾವ ಬದಲಾವಣೆಯೂ ಇರಲಿಲ್ಲ. ಪ್ರತಿಭಾವಂತರಿಗೆಂದು ವಿಶೇಷ ತರಗತಿ, ವಿಶೇಷ ಶಿಕ್ಷಕರು, ಕಾನೂನು, ಅನುದಾನ ಎಲ್ಲವೂ ಇದ್ದ ದೇಶದ ಸ್ಥಿತಿ ಅದು. ವಾರಕ್ಕೆ ಒಂದೆರಡು ಗಂಟೆ ವಿಶೇಷ ಕೋಣೆಗೆ ಹೋಗಿ ಬರುತ್ತಿದ್ದ ಮಗು ಉಳಿದ ಸಮಯವನ್ನೆಲ್ಲ ತನ್ನ ಸಾಮಾನ್ಯ ತರಗತಿಯಲ್ಲೇ, ತನ್ನ ಸಾಮಾನ್ಯ ಶಿಕ್ಷಕರ ಜೊತೆಯಲ್ಲೇ ಕಳೆಯುತ್ತಿತ್ತು. ಹಾಗಾದರೆ ನೆರವು ತಲುಪಬೇಕಾದ್ದು ಮಗುವಿಗೋ, ಆ ಶಿಕ್ಷಕರಿಗೋ? ಕಳೆದ ಮೂರು ದಶಕಗಳಲ್ಲಿ ಈ ಕ್ಷೇತ್ರದ ಬಹಳಷ್ಟು ಚರ್ಚೆ ಈ ಪ್ರಶ್ನೆಯ ಸುತ್ತಲೇ ನಡೆದಿದೆ. ಶಿಕ್ಷಕರಿಗೆ ಎಂಬುದೇ ಹೆಚ್ಚು ಸಮರ್ಥ ಉತ್ತರ ಎಂದು ಈ ಲೇಖನ ನಂಬುತ್ತದೆ.

ಶಿಕ್ಷಕರ ಮೂಲಕ ಮಗುವನ್ನು ತಲುಪುವ ಈ ದಾರಿಗೆ ಸಮಾಲೋಚನೆ ಎಂಬ ಹೆಸರಿದೆ. ಅದರ ಬೇರುಗಳು ಶಿಕ್ಷಣಶಾಸ್ತ್ರದಲ್ಲಿಲ್ಲ, ಮನೋವೈದ್ಯಶಾಸ್ತ್ರದಲ್ಲಿವೆ. 1949ರಲ್ಲಿ ಜೆರಾಲ್ಡ್ ಕ್ಯಾಪ್ಲನ್ ಎಂಬ ಮನೋವೈದ್ಯರು ಜೆರುಸಲೇಮಿನಲ್ಲಿ ಒಂದು ಸಣ್ಣ ತಂಡ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. ಯುದ್ಧದ ನಂತರ ಹೊಸ ದೇಶಕ್ಕೆ ವಲಸೆ ಬಂದಿದ್ದ ಸುಮಾರು 16 ಸಾವಿರ ಮಕ್ಕಳ ಮಾನಸಿಕ ಆರೋಗ್ಯ ಅವರ ಹೊಣೆ. ಮಕ್ಕಳು ದೂರದೂರದ ವಸತಿ ಕೇಂದ್ರಗಳಲ್ಲಿ ಹಂಚಿಹೋಗಿದ್ದರು. ಒಬ್ಬೊಬ್ಬರನ್ನೇ ಚಿಕಿತ್ಸಾಲಯಕ್ಕೆ ಕರೆಸಿ ನೋಡುವುದು ಆಗದ ಮಾತಾಯಿತು. ಹೀಗಾಗಿ ತಂಡವೇ ಕೇಂದ್ರಗಳಿಗೆ ಹೋಗಿ, ಮಕ್ಕಳನ್ನು ದಿನವೂ ನೋಡಿಕೊಳ್ಳುತ್ತಿದ್ದವರ ಜೊತೆ ಮಾತಿಗೆ ಕೂತಿತು. ಆಗ ಕ್ಯಾಪ್ಲನ್‌ಗೆ ಹೊಳೆದದ್ದು ದೊಡ್ಡ ಸಂಗತಿ. ಮಗುವಿನ ಬಗ್ಗೆ ನೋಡಿಕೊಳ್ಳುವವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದ್ದ ಒಂದೇ ಒಂದು ಚಿತ್ರ ಈ ಮಾತುಕತೆಯಲ್ಲಿ ಸಡಿಲವಾಗುತ್ತಿತ್ತು. ಅದು ಸಡಿಲವಾದರೆ ಮಗುವಿನ ಜೊತೆಗಿನ ಅವರ ನಡವಳಿಕೆಯೂ ಬದಲಾಗುತ್ತಿತ್ತು.

1970ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಇದನ್ನು ಒಂದು ಪದ್ಧತಿಯಾಗಿ ನಿರೂಪಿಸಿದರು. ಅದರ ಜೀವಾಳ ಇಷ್ಟು: ಸಲಹೆ ಕೊಡುವವರೂ ಕೇಳುವವರೂ ಸಮಾನರು. ಮಗುವಿನ ಹೊಣೆ ಕೇಳುವವರ ಕೈಯಲ್ಲೇ ಉಳಿಯುತ್ತದೆ. ಸಲಹೆಯನ್ನು ಒಪ್ಪುವ, ಬಿಡುವ ಸ್ವಾತಂತ್ರ್ಯವೂ ಅವರದೇ. ಮುಂದೆ ಶಾಲೆಗಳಲ್ಲಿ ಈ ಪದ್ಧತಿ ಎಲ್ಲಿ ಸೋತಿದೆಯೋ ಅಲ್ಲೆಲ್ಲ ಈ ಮೂರರಲ್ಲಿ ಒಂದು ಮುರಿದಿರುವುದನ್ನು ಕಾಣಬಹುದು.

ಪ್ರತಿಭಾವಂತ ಮಕ್ಕಳ ವಿಷಯದಲ್ಲಿ ಸಮಾಲೋಚನೆ ಹೇಗೆ ನಡೆಯುತ್ತದೆ? ಐದನೇ ತರಗತಿಯಲ್ಲಿ ಭಿನ್ನರಾಶಿಯ ಪಾಠ ಎಂದುಕೊಳ್ಳೋಣ. ಒಬ್ಬ ಹುಡುಗನಿಗೆ ಕೂಡುವುದು ಕಳೆಯುವುದು ಆಗಲೇ ಬರುತ್ತದೆ. ಪಾಠದ ನಡುವೆ ಅವನು ಕಿಟಕಿಯಾಚೆ ನೋಡುತ್ತಾನೆ, ಪಕ್ಕದವನನ್ನು ಚಿವುಟುತ್ತಾನೆ. ಸಲಹೆಗಾರರು ಮೊದಲು ಕೇಳುವುದು ಹುಡುಗನ ಬುದ್ಧಿಯ ಅಂಕವನ್ನಲ್ಲ. ಯಾವ ಹೊತ್ತಿನಲ್ಲಿ ಚಿವುಟುತ್ತಾನೆ, ಯಾವ ಹೊತ್ತಿನಲ್ಲಿ ಸುಮ್ಮನೆ ಮುಳುಗಿ ಕೂರುತ್ತಾನೆ ಎಂದು ಕೇಳುತ್ತಾರೆ. ಶಿಕ್ಷಕಿ ನೆನಪು ಮಾಡಿಕೊಳ್ಳುತ್ತಾರೆ: ಹೊಸ ಬಗೆಯ ಲೆಕ್ಕ ಬಂದ ದಿನ ಸುಮ್ಮನಿದ್ದ, ಅಭ್ಯಾಸದ ಲೆಕ್ಕಗಳ ದಿನ ಗಲಾಟೆ. ಅಲ್ಲಿಂದ ಮುಂದಿನ ಮಾತು ತಾನಾಗಿ ಹುಟ್ಟುತ್ತದೆ. ಪಾಠದ ಕೊನೆಯಲ್ಲಿರುವ ಪರೀಕ್ಷೆಯನ್ನು ಅವನಿಗೆ ಮೊದಲೇ ಕೊಡೋಣ. ಬರುವ ಭಾಗಗಳನ್ನು ಬಿಟ್ಟು, ಬಾರದ ಭಾಗವಿದ್ದರೆ ಅದಕ್ಕೆ ಮಾತ್ರ ಎಲ್ಲರ ಜೊತೆ ಕೂರಲಿ. ಉಳಿದ ಹೊತ್ತಿಗೆ ಬೇರೊಂದು ಕೆಲಸ ಹುಡುಕೋಣ.

ಆ ಬೇರೆ ಕೆಲಸಕ್ಕೆ ಎಲ್ಲಿಗೋ ಹೋಗಬೇಕಾಗಿಲ್ಲ. ಅಂಶದಲ್ಲಿ ಒಂದೇ ಇರುವ ಬೇರೆ ಬೇರೆ ಭಿನ್ನರಾಶಿಗಳನ್ನು ಕೂಡಿಸಿ ಮೂರನೇ ಎರಡನ್ನು ಪಡೆಯಲು ಆಗುತ್ತದೆಯೇ? ಅರ್ಧಕ್ಕೆ ಆರನೇ ಒಂದನ್ನು ಕೂಡಿಸಿದರೆ ಆಯಿತು. ಐದನೇ ನಾಲ್ಕು? ಅರ್ಧ, ಕಾಲು, ಇಪ್ಪತ್ತನೇ ಒಂದು. ಒಂದಕ್ಕಿಂತ ಸಣ್ಣದಾದ ಎಲ್ಲ ಭಿನ್ನರಾಶಿಗಳನ್ನೂ ಹೀಗೆ ಬಿಡಿಸಬಹುದೇ? ಹತ್ತು ವರ್ಷದ ಹುಡುಗನನ್ನು ವಾರಗಟ್ಟಲೆ ಹಿಡಿದಿಡಬಲ್ಲ ಪ್ರಶ್ನೆ ಇದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಒಂಬತ್ತನೆಯ ಶತಮಾನದಲ್ಲೇ ತನ್ನ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗಳನ್ನು ಹೀಗೆ ಬಿಡಿಸುವ ಸೂತ್ರಗಳನ್ನು ಕೊಟ್ಟಿದ್ದಾನೆ. ಆದರೆ ಇಂಥ ಪ್ರಶ್ನೆಯನ್ನು ಏಳು ವಿಷಯ ನೋಡಿಕೊಳ್ಳುವ ಶಿಕ್ಷಕಿ ಒಬ್ಬರೇ ಕೂತು ಹುಡುಕುವುದು ಕಷ್ಟ. ಹುಡುಕಿ ಕೈಗಿಡುವ ಜೊತೆಗಾರರು ಬೇಕು.

ಬರುವ ಪಾಠವನ್ನು ಬಿಟ್ಟು ಮುಂದೆ ಸಾಗುವ ಈ ವಿಧಾನಕ್ಕೆ ಪಠ್ಯವನ್ನು ಅಡಕಗೊಳಿಸುವುದು ಎನ್ನಬಹುದು. ಜೋಸೆಫ್ ರೆಂಜುಲ್ಲಿ ಮತ್ತು ಅವರ ಸಹೋದ್ಯೋಗಿಗಳು ಇದನ್ನು ರೂಪಿಸಿದರು. ಪ್ರತಿಭೆ ಎಂದರೆ ಹೆಚ್ಚಿನ ಬುದ್ಧಿಯೊಂದೇ ಅಲ್ಲ. ಸಾಮರ್ಥ್ಯ, ಕೆಲಸಕ್ಕೆ ಕಚ್ಚಿಕೊಳ್ಳುವ ಛಲ, ಸೃಜನಶೀಲತೆ ಮೂರೂ ಕೂಡಿದ ಜಾಗದಲ್ಲಿ ಅದು ಕಾಣಿಸಿಕೊಳ್ಳುತ್ತದೆ ಎಂದು 1978ರಲ್ಲೇ ವಾದಿಸಿದ್ದವರು ಇದೇ ರೆಂಜುಲ್ಲಿ. ಅಡಕಗೊಳಿಸುವ ವಿಧಾನವನ್ನು 1993ರಲ್ಲಿ ಸ್ಯಾಲಿ ರೈಸ್ ಮತ್ತು ಸಂಗಡಿಗರು 436 ಶಿಕ್ಷಕರು, 783 ಮಕ್ಕಳ ಜೊತೆ ಪರೀಕ್ಷಿಸಿ ನೋಡಿದರು. ಆಯ್ದ ವಿಷಯಗಳಲ್ಲಿ ಪಠ್ಯದ ಶೇ 40ರಿಂದ 50 ಭಾಗವನ್ನು ಕೈಬಿಟ್ಟರೂ ಆ ಮಕ್ಕಳ ಅಂಕಗಳು ಇಳಿಯಲಿಲ್ಲ. ಈ ಮಕ್ಕಳು ಜನವರಿಯಲ್ಲಿ ಶಾಲೆ ಶುರು ಮಾಡಿದರೆ ಸಾಲದೇ ಎಂಬುದು ಆ ವರದಿಯ ತಲೆಬರಹದ ಪ್ರಶ್ನೆ. ನಮ್ಮ ಶಾಲಾ ವರ್ಷಕ್ಕೆ ಹೊಂದಿಸಿ ಹೇಳುವುದಾದರೆ, ದಸರಾ ರಜೆ ಮುಗಿಸಿಕೊಂಡು ಬಂದರೂ ನಡೆಯುತ್ತದೆ ಎಂದಂತೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಬಿಟ್ಟ ಪಾಠದ ಜಾಗಕ್ಕೆ ಏನನ್ನು ತುಂಬಬೇಕು ಎಂಬಲ್ಲಿ ಅನೇಕ ಶಿಕ್ಷಕರು ತಡವರಿಸಿದರು. ಬರೀ ವಿಡಿಯೊ ಮತ್ತು ಪುಸ್ತಕದ ಮೂಲಕ ತರಬೇತಿ ಪಡೆದವರಿಗಿಂತ, ಜೊತೆಯವರ ಮಾರ್ಗದರ್ಶನವೂ ಸಿಕ್ಕವರು ಈ ಕೆಲಸವನ್ನು ಚೆನ್ನಾಗಿ ಮಾಡಿದರು. ತೆಗೆಯುವುದು ಸುಲಭ, ತುಂಬುವುದು ಕಷ್ಟ. ಸಮಾಲೋಚನೆ ಬೇಕಾಗುವುದು ತುಂಬುವ ಹೊತ್ತಿನಲ್ಲಿ.

ಅದೃಷ್ಟವಿದ್ದ ಒಂದು ಮಗುವಿನ ಕಥೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. 1975ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ, ಹಾಂಗ್‌ಕಾಂಗ್‌ನಿಂದ ವಲಸೆ ಬಂದಿದ್ದ ದಂಪತಿಗೆ ಹುಟ್ಟಿದ ಟೆರೆನ್ಸ್ ಟಾವ್‌ನನ್ನು ಮೂರೂವರೆ ವರ್ಷಕ್ಕೇ ಶಾಲೆಗೆ ಸೇರಿಸಿದ್ದರು. ಪಾಠ ಅವನಿಗೆ ಕಷ್ಟವಾಗಲಿಲ್ಲ, ಆದರೆ ತರಗತಿಯಲ್ಲಿ ದಿನವಿಡೀ ಕೂರುವುದು ಆಗಲಿಲ್ಲ. ಕೆಲವೇ ವಾರಗಳಲ್ಲಿ ತಂದೆತಾಯಿ ಅವನನ್ನು ಬಿಡಿಸಿ ಮನೆಗೆ ಕರೆತಂದರು. ಐದು ವರ್ಷವಾದಾಗ ಮತ್ತೆ ಹೊರಟರು. ಈ ಸಲ ಅವರು ಹುಡುಕಿದ್ದು ಹೆಸರುವಾಸಿ ಶಾಲೆಯನ್ನಲ್ಲ, ಮಾತಿಗೆ ಒಗ್ಗುವ ಮುಖ್ಯಶಿಕ್ಷಕರನ್ನು. ಅಂಥವರೊಬ್ಬರು ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಸಿಕ್ಕರು. ಹುಡುಗ ಕೆಲವು ವಿಷಯಗಳಿಗೆ ತನ್ನ ವಯಸ್ಸಿನವರ ಜೊತೆ, ಕೆಲವಕ್ಕೆ ಮೇಲಿನ ತರಗತಿಯವರ ಜೊತೆ ಕೂರುವಂತೆ ವೇಳಾಪಟ್ಟಿ ಸಿದ್ಧವಾಯಿತು. ಏಳೂವರೆ ವರ್ಷದ ಹೊತ್ತಿಗೆ ಗಣಿತಕ್ಕಾಗಿ ಹತ್ತಿರದ ಹೈಸ್ಕೂಲಿಗೆ ಹೋಗಿ ಬರತೊಡಗಿದ. 1983ರಲ್ಲಿ ಕೆನ್ ಕ್ಲೆಮೆಂಟ್ಸ್ ಎಂಬ ಗಣಿತ ಶಿಕ್ಷಣತಜ್ಞರು ಅವನನ್ನು ಭೇಟಿ ಮಾಡಿ, ಅವನ ಗಣಿತವನ್ನೂ ಶಾಲೆಯ ಏರ್ಪಾಟನ್ನೂ ಕುರಿತು ಬರೆದ ಪ್ರಬಂಧ ಇಂದಿಗೂ ಓದಿಸಿಕೊಳ್ಳುತ್ತದೆ.

ವಿಶ್ವವಿದ್ಯಾಲಯಕ್ಕೆ ಪೂರ್ಣಾವಧಿ ಸೇರುವ ಶಕ್ತಿ ಅವನಿಗೆ ಬಹಳ ಮೊದಲೇ ಇತ್ತು. ಮನೆಯವರು ಅವಸರ ಮಾಡಲಿಲ್ಲ. 1988ರ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಚಿನ್ನ, 2006ರಲ್ಲಿ ಫೀಲ್ಡ್ಸ್ ಪದಕ. ಪದಕಗಳಿಗಿಂತ ಇಲ್ಲಿ ಮುಖ್ಯವಾದದ್ದು ಮೊದಲ ತಪ್ಪು ಹೆಜ್ಜೆಯನ್ನು ಹಿಂತೆಗೆದುಕೊಂಡ ರೀತಿ. ಮುಂದಿನ ತರಗತಿಗೆ ಹಾರಿಸುವುದೋ ಬೇಡವೋ ಎಂಬ ಎರಡೇ ದಾರಿಯ ಜಗಳದಲ್ಲಿ ಸಿಕ್ಕಿಕೊಳ್ಳದೆ, ಯಾವ ವಿಷಯಕ್ಕೆ ಎಲ್ಲಿ ಕೂರಲಿ ಎಂದು ತಂದೆತಾಯಿ, ಶಿಕ್ಷಕರು, ಹೊರಗಿನ ತಜ್ಞರು ಮತ್ತೆ ಮತ್ತೆ ಕೂತು ಮಾತಾಡಿದರು.

ಟಾವ್‌ನಂಥ ಮಗು ಯಾರ ಕಣ್ಣಿಗಾದರೂ ಬಿದ್ದೀತು. ಕಣ್ಣಿಗೆ ಬೀಳದವರ ಮಾತು ಬೇರೆ. 1921ರಲ್ಲಿ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಬುದ್ಧಿಪರೀಕ್ಷೆಯ ಮೂಲಕ ಸುಮಾರು 1,500 ಮಕ್ಕಳನ್ನು ಆರಿಸಿ ಅವರ ಬದುಕನ್ನು ದಶಕಗಟ್ಟಲೆ ಹಿಂಬಾಲಿಸಿದರು. ಆ ಜರಡಿಯಲ್ಲಿ ಜಾರಿಹೋದ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್, ಮುಂದೆ ಭೌತಶಾಸ್ತ್ರದ ನೊಬೆಲ್ ಪಡೆದರು. ಹಾಗೆಂದು ಶಿಕ್ಷಕರ ಕಣ್ಣು ಪರೀಕ್ಷೆಗಿಂತ ಚುರುಕು ಎನ್ನಲೂ ಬರುವುದಿಲ್ಲ. 1959ರ ಪೆಗ್ನಾಟೊ ಮತ್ತು ಬರ್ಚ್ ಅಧ್ಯಯನದಲ್ಲಿ ಬುದ್ಧಿಪರೀಕ್ಷೆ ಗುರುತಿಸಿದ 91 ಮಕ್ಕಳ ಪೈಕಿ ಶಿಕ್ಷಕರ ಪಟ್ಟಿಯಲ್ಲಿದ್ದವರು 41 ಮಂದಿ ಮಾತ್ರ. ಶಿಕ್ಷಕರಿಗೆ ಪ್ರತಿಭೆ ಗುರುತಿಸಲು ಬರುವುದಿಲ್ಲ ಎಂಬ ಮಾತು ಅಲ್ಲಿಂದ ಮೂರು ದಶಕ ಬೇರೂರಿತು. 1994ರಲ್ಲಿ ಕೆನಡಾದ ಫ್ರಾನ್ಸ್ವಾ ಗ್ಯಾನ್ಯೆ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಬೇರೆ ವಿಧಾನಗಳಿಗೆ ಹೋಲಿಸಿದರೆ ಶಿಕ್ಷಕರ ಆಯ್ಕೆ ಅಷ್ಟೇನೂ ಕಳಪೆಯಾಗಿರಲಿಲ್ಲ ಎಂದು ತೋರಿಸಿಕೊಟ್ಟರು.

ಎಲ್ಲ ಶಿಕ್ಷಕರಿಗೂ ಒಂದು ಕುರುಡು ಜಾಗ ಇರುವುದಂತೂ ನಿಜ. ಅಮೆರಿಕದ ಫ್ಲಾರಿಡಾ ರಾಜ್ಯದ ದೊಡ್ಡ ಜಿಲ್ಲೆಯೊಂದು ಶಿಕ್ಷಕರ ಮತ್ತು ಪೋಷಕರ ಶಿಫಾರಸಿಗೆ ಕಾಯದೆ ಎಲ್ಲ ಮಕ್ಕಳನ್ನೂ ಪರೀಕ್ಷಿಸಿದಾಗ, ಅಲ್ಲಿಯವರೆಗೆ ಪಟ್ಟಿಯ ಹೊರಗೇ ಉಳಿದಿದ್ದ ಬಡ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬೆಳಕಿಗೆ ಬಂದರು ಎಂದು ಡೇವಿಡ್ ಕಾರ್ಡ್ ಮತ್ತು ಲಾರಾ ಜಿಯುಲಿಯಾನೊ 2016ರಲ್ಲಿ ವರದಿ ಮಾಡಿದ್ದಾರೆ. ಕರ್ನಾಟಕದ ಕನ್ನಡ ಮಾಧ್ಯಮದ ತರಗತಿಯಲ್ಲಿ ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತುಳು ಆಡುವ ಮಗುವನ್ನು ನೆನೆದರೆ ಇದರ ಅರ್ಥ ಹತ್ತಿರವಾಗುತ್ತದೆ. ಆ ಮಗುವಿನ ತಡವರಿಕೆ ಭಾಷೆಯದೋ, ಯೋಚನೆಯದೋ? ಒಬ್ಬರೇ ನೋಡಿದಾಗ ತಪ್ಪಿಹೋಗುವುದು ಇಬ್ಬರು ಕೂತು ಮಾತಾಡಿದಾಗ ಕಂಡೀತು.

ಕನ್ನಡದಲ್ಲಿ ಪ್ರತಿಭೆ ಎಂಬ ಪದ ಶಾಲೆಯ ಸುತ್ತ ಎರಡು ಕಡೆ ಹೆಚ್ಚು ಕೇಳಿಬರುತ್ತದೆ. ಒಂದು ಪ್ರತಿಭಾ ಕಾರಂಜಿ; ಅಲ್ಲಿ ಹಾಡು, ಭಾಷಣ, ವೇಷ. ಇನ್ನೊಂದು ಪ್ರತಿಭಾ ಪುರಸ್ಕಾರ. ಅಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳಿಗೆ ಶಾಲು, ಹಾರ. ಎರಡೂ ಸಂತೋಷದ ಸಂದರ್ಭಗಳೇ. ಆದರೆ ವೇದಿಕೆ ಹತ್ತಲು ಅಂಜುವ, ಅಂಕವೂ ಅಷ್ಟಕ್ಕಷ್ಟೇ ಇರುವ, ಪಾಠದ ನಡುವೆ ‘ಸರ್, ಸೊನ್ನೆಯಿಂದ ಯಾಕೆ ಭಾಗಿಸಬಾರದು?’ ಎಂದು ಕೇಳಿ ‘ಕೂತ್ಕೋ’ ಎನ್ನಿಸಿಕೊಳ್ಳುವ ಮಗು ಎರಡಕ್ಕೂ ಸೇರುವುದಿಲ್ಲ.

ಭಾರತದಲ್ಲಿ ಪ್ರತಿಭೆಯ ಬಗ್ಗೆ ಯೋಚನೆ ನಡೆದಿಲ್ಲವೆಂದಲ್ಲ. ಪುಣೆಯಲ್ಲಿ 1962ರಲ್ಲಿ ವಿ. ವಿ. ಪೆಂಡ್ಸೆ ಅವರು ಕಟ್ಟಿದ ಜ್ಞಾನ ಪ್ರಬೋಧಿನಿ 1969ರಲ್ಲಿ ಇಂಥ ಮಕ್ಕಳಿಗೆಂದೇ ಶಾಲೆ ತೆರೆಯಿತು. ಎನ್‌ಸಿಇಆರ್‌ಟಿ 1963ರಲ್ಲಿ ಶುರು ಮಾಡಿದ ಪ್ರತಿಭಾನ್ವೇಷಣೆ ಪರೀಕ್ಷೆ 2021ರವರೆಗೆ ನಡೆಯಿತು. 1986ರ ಶಿಕ್ಷಣ ನೀತಿಯ ಕೂಸಾದ ನವೋದಯ ವಿದ್ಯಾಲಯಗಳು ದೇಶದಲ್ಲಿ 650ಕ್ಕೂ ಹೆಚ್ಚಿವೆ. ಗ್ರಾಮೀಣ ಮಕ್ಕಳಿಗೆ ಅವು ತೆರೆದ ಬಾಗಿಲು ಸಣ್ಣದಲ್ಲ. ಆದರೂ ಒಂದು ನವೋದಯ ಆರನೇ ತರಗತಿಗೆ ತೆಗೆದುಕೊಳ್ಳುವುದು 80 ಮಕ್ಕಳನ್ನು. ಎಂಬತ್ತೊಂದನೆಯ ಹುಡುಗಿ ತನ್ನೂರಿನ ಶಾಲೆಯಲ್ಲೇ ಉಳಿಯುತ್ತಾಳೆ. ಆರಿಸಿ ಬೇರೆಡೆಗೆ ಕರೆದೊಯ್ಯುವ ಯೋಜನೆಗಳೆಲ್ಲದರ ಮಿತಿ ಇದು. ಆಯ್ಕೆಯಾಗುವ ಮೊದಲಿನ ಐದು ವರ್ಷವಂತೂ ಎಲ್ಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಇರುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಂದರೆ ನಿಯಾಸ್, 2010ರ ದಶಕದಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ಬೆಂಬಲದಿಂದ ಪ್ರತಿಭಾವಂತ ಮಕ್ಕಳ ಶಿಕ್ಷಣ ಕಾರ್ಯಕ್ರಮ ನಡೆಸಿತು. ಹೊರದೇಶದ ಪರೀಕ್ಷೆಗಳನ್ನೇ ನೆಚ್ಚದೆ, ನಮ್ಮ ತರಗತಿಗಳ ಶಿಕ್ಷಕರೇ ಬಳಸಬಲ್ಲ ಗುರುತಿಸುವ ಸಾಧನಗಳನ್ನು ರೂಪಿಸಲು ಅದು ಶ್ರಮಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಶೇಷ ಒಲವು, ಪ್ರತಿಭೆ ಇರುವ ಮಕ್ಕಳಿಗೆ ತರಗತಿಯಲ್ಲೇ ಪೂರಕ ಸಾಮಗ್ರಿ, ಮಾರ್ಗದರ್ಶನ ಕೊಡುವ ಹೊಣೆಯನ್ನು ಶಿಕ್ಷಕರ ಮೇಲಿಟ್ಟಿದೆ, ಬಿ.ಎಡ್.ನಲ್ಲಿ ಈ ವಿಷಯದ ವಿಶೇಷ ಅಧ್ಯಯನಕ್ಕೂ ಅವಕಾಶ ಕೊಡಬಹುದೆಂದಿದೆ. ಹೊಣೆ ಸರಿಯಾದ ಜಾಗಕ್ಕೇ ಬಂದಿದೆ. ಅದನ್ನು ಹೊರಲು ಶಿಕ್ಷಕರಿಗೆ ಯಾರು ಹೆಗಲು ಕೊಡುತ್ತಾರೆ ಎಂಬುದು ಉಳಿದ ಪ್ರಶ್ನೆ.

ಬೇರೆ ದೇಶಗಳ ಅನುಭವ ಇಲ್ಲಿ ಪಾಠವೂ ಹೌದು, ಎಚ್ಚರಿಕೆಯೂ ಹೌದು. ಇಂಗ್ಲೆಂಡ್ 1999ರಲ್ಲಿ ನಗರಗಳ ಶಾಲೆಗಳಿಗಾಗಿ ತಂದ ಯೋಜನೆಯಲ್ಲಿ ಪ್ರತಿ ಶಾಲೆಗೂ ಪ್ರತಿಭಾವಂತ ಮಕ್ಕಳ ಸಂಯೋಜಕ ಶಿಕ್ಷಕರನ್ನು ನೇಮಿಸಿತು. 2002ರಲ್ಲಿ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ರಾಷ್ಟ್ರೀಯ ಅಕಾಡೆಮಿಯೂ ಬಂತು. ಅಕಾಡೆಮಿ 2007ಕ್ಕೆ ಮುಗಿಯಿತು, ಕೆಲವೇ ವರ್ಷಗಳಲ್ಲಿ ಪ್ರತ್ಯೇಕ ಅನುದಾನವೂ ನಿಂತಿತು. ಸಿಂಗಪುರದ ದಾರಿ ಇದಕ್ಕೆ ತಿರುಗುಮುರುಗು. 1984ರಿಂದ ಕೆಲವೇ ಶಾಲೆಗಳಲ್ಲಿ ನಡೆಸಿಕೊಂಡು ಬಂದ ತನ್ನ ಹೆಸರಾಂತ ಪ್ರತಿಭಾ ಕಾರ್ಯಕ್ರಮವನ್ನು ಆಗಿನ ರೂಪದಲ್ಲಿ ನಿಲ್ಲಿಸಿ, ಎಲ್ಲ ಪ್ರಾಥಮಿಕ ಶಾಲೆಗಳೂ ತಮ್ಮ ಚುರುಕು ಮಕ್ಕಳನ್ನು ತಾವೇ ಗುರುತಿಸಿ ಬೆಳೆಸುವಂತೆ ಸಜ್ಜುಗೊಳಿಸುವುದಾಗಿ ಅಲ್ಲಿನ ಪ್ರಧಾನಿ 2024ರಲ್ಲಿ ಪ್ರಕಟಿಸಿದರು.

ಸಜ್ಜುಗೊಳಿಸುವುದು ಎಂದರೆ ಎರಡು ದಿನದ ತರಬೇತಿ ಶಿಬಿರವಲ್ಲ. ಶಿಬಿರದಲ್ಲಿ ಕೇಳಿದ್ದು ತರಗತಿಗೆ ಇಳಿಯಬೇಕಾದರೆ ಪಕ್ಕದಲ್ಲಿ ನಿಂತು ನೋಡಿ ಹೇಳುವವರು ಬೇಕು ಎಂದು ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದಲೇ ಹೇಳುತ್ತ ಬಂದರು. 2018ರಲ್ಲಿ ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 60 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಶಿಕ್ಷಕರಿಗೆ ಒಬ್ಬೊಬ್ಬರಾಗಿ ಸಿಗುವ ಮಾರ್ಗದರ್ಶನದಿಂದ ಬೋಧನೆಯೂ ಮಕ್ಕಳ ಕಲಿಕೆಯೂ ಸುಧಾರಿಸುತ್ತದೆ ಎಂದು ಕಂಡುಕೊಂಡರು. ಕಾರ್ಯಕ್ರಮ ದೊಡ್ಡದಾದಷ್ಟೂ ಅದರ ಫಲ ತೆಳುವಾಗುತ್ತದೆ ಎಂಬುದನ್ನೂ ಅವರು ಬರೆದರು. ರಾಜ್ಯಮಟ್ಟದ ಆದೇಶ ಹೊರಡಿಸುವವರು ಈ ಎರಡನೆಯ ಮಾತನ್ನು ಮರೆಯಬಾರದು.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಚೌಕಟ್ಟನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರು ಸೇರುವ ಸಭೆಯ ಹೆಸರೇ ಸಮಾಲೋಚನಾ ಸಭೆ. ಹಲವು ಶಾಲೆಗಳಿಗೆ ಒಬ್ಬರು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ತಾಲ್ಲೂಕಿಗೆ ಬ್ಲಾಕ್ ಸಂಪನ್ಮೂಲ ವ್ಯಕ್ತಿಗಳು (ಬಿಆರ್‌ಪಿ), ಜಿಲ್ಲೆಗೆ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಹೋಗುವ ಸಂಪನ್ಮೂಲ ಶಿಕ್ಷಕರೂ ಇದ್ದಾರೆ. ಕೊರತೆ ಇರುವುದು ಎರಡು ಕಡೆ. ಸಿಆರ್‌ಪಿ ಬಂದರೆಂದರೆ ಶಿಕ್ಷಕರಿಗೆ ಮೊದಲು ನೆನಪಾಗುವುದು ಅಂಕಿಅಂಶ, ನಮೂನೆ, ಅಪ್‌ಲೋಡ್. ಮೇಲಿನವರಿಗೆ ವರದಿ ಒಯ್ಯುವವರ ಮುಂದೆ ‘ಈ ಹುಡುಗಿಗೆ ಏನು ಕಲಿಸಲಿ, ನನಗೆ ತೋಚುತ್ತಿಲ್ಲ’ ಎಂದು ಯಾವ ಶಿಕ್ಷಕರು ಬಾಯಿ ಬಿಟ್ಟಾರು? ಕ್ಯಾಪ್ಲನ್ ಹೇಳಿದ ಸಮಾನತೆ ಮುರಿಯುವುದು ಇಲ್ಲೇ. ಎರಡನೆಯದಾಗಿ, ಸಭೆಯಲ್ಲಿ ಕಲಿಕೆಯಲ್ಲಿ ಹಿಂದುಳಿದವರ ಮಾತು ಬರುತ್ತದೆ, ಬರಲೇಬೇಕು. ಮುಂದೆ ಹೋದವರ ಮಾತು ಬರುವುದು ಅಪರೂಪ.

ಬಂದರೆ ಹಿಂದುಳಿದವರಿಗೆ ಅನ್ಯಾಯವಾಗುತ್ತದೆಯೇ? ಈ ಅಂಜಿಕೆ ಪ್ರಾಮಾಣಿಕವಾದದ್ದು. ಅಮೆರಿಕದಲ್ಲಿ ವಿಶೇಷ ಶಿಕ್ಷಕರು ತರಗತಿ ಶಿಕ್ಷಕರಿಗೆ ಸಲಹೆಗಾರರಾಗಿ ಕೆಲಸ ಮಾಡಿದ ಕ್ಯಾಟಲಿಸ್ಟ್ ಎಂಬ ಕಾರ್ಯಕ್ರಮವನ್ನು 2001ರಲ್ಲಿ ಮೇರಿ ಲ್ಯಾಂಡ್ರಮ್ ಪರಿಶೀಲಿಸಿದಾಗ, ಅದರ ಪ್ರಯೋಜನ ಪಟ್ಟಿಯಲ್ಲಿದ್ದ ಮಕ್ಕಳನ್ನು ದಾಟಿ ಉಳಿದವರಿಗೂ ಹರಿದದ್ದು ಕಂಡುಬಂತು. ಭಿನ್ನರಾಶಿ ಬಿಡಿಸುವ ಆ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟರೆ ಅದಕ್ಕೆ ಕೈ ಹಾಕುವವನು ಒಬ್ಬನೇ ಆಗಿರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಆಸರೆ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ಕಂಡುಬಂದು, ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಲ್ಲಿ ಶುರು ಮಾಡಿದ ಕೆಲಸ 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ಹರಡಿತು. ಅಲ್ಲಿ ಪಾಠವಿಲ್ಲ, ಕಲಿಕಾ ಏಣಿ ಇದೆ, ಮೈಲಿಗಲ್ಲುಗಳಿವೆ. ಶಿಕ್ಷಕರ ನೆರವಿನ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಪ್ರತಿ ಮಗುವೂ ತನ್ನ ವೇಗದಲ್ಲಿ ಏರುತ್ತದೆ. ಬೇಗ ಏರಿದವರು ಕಾಯಬೇಕಾಗಿಲ್ಲ. ಪರದೇಶದ ಸಂಶೋಧಕರು ಶಿಕ್ಷಕರನ್ನು ಒಪ್ಪಿಸಲು ಹೆಣಗಿದ ತತ್ವವನ್ನು ಕರ್ನಾಟಕದ ಹಳ್ಳಿಯ ಶಿಕ್ಷಕರು ದಿನವೂ ನಡೆಸುತ್ತಿದ್ದಾರೆ. ಆಮೇಲೆ ನಾಲ್ಕನೇ ತರಗತಿ ಬರುತ್ತದೆ, ಎಲ್ಲರ ಕೈಗೂ ಒಂದೇ ಪುಸ್ತಕ ಬರುತ್ತದೆ, ಏಣಿ ಹಿಂದಿನ ಕೋಣೆಯ ಗೋಡೆಯಲ್ಲೇ ಉಳಿಯುತ್ತದೆ.

ಏಪ್ರಿಲ್‌ನಲ್ಲಿ ಫಲಿತಾಂಶ ಓದುವ ದಿನ ನಲಿ-ಕಲಿಯ ಶಿಕ್ಷಕಿಯೂ ನಾಲ್ಕನೇ ತರಗತಿಯ ಮೇಷ್ಟ್ರೂ ಒಂದೇ ಜಗುಲಿಯಲ್ಲಿರುತ್ತಾರೆ. ಹತ್ತು ನಿಮಿಷ ಸಾಕು. ಯಾವ ಮಗು ಯಾವ ತಿಂಗಳಿಗೇ ಏಣಿಯ ತುದಿ ಮುಟ್ಟಿತ್ತು ಎಂಬುದು ಆಕೆಗೆ ಚಾರ್ಟು ನೋಡದೆಯೂ ಗೊತ್ತಿರುತ್ತದೆ. ಮೇಷ್ಟ್ರು ಕೇಳಬೇಕಾದ್ದು ಅದರ ಮುಂದಿನದು: ‘ಮೇಡಂ, ಮೈಲಿಗಲ್ಲು ಮುಗಿದ ಮೇಲೆ ಆ ಹುಡುಗಿಗೆ ಏನು ಕೊಟ್ಟಿರಿ? ಅವಳು ಏನು ಕೇಳಿದಳು?’